ಫೋನಿನ ಹಿಂದಿನ ಸದ್ದು

ಮುಂಬಯಿ ಪಕ್ಕದ ಠಾಣೆ ಪಟ್ಟಣದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಸಣ್ಣ ಆಫೀಸಿನಲ್ಲಿ ಎಲ್ಲರಿಗೂ ದಮಯಂತಿಯ ಕಿವಿಯೆಂದರೆ ಒಳಗೊಳಗೇ ಹೆದರಿಕೆ. ನೀರಿನ ಫಿಲ್ಟರ್ ರಿಪೇರಿ ಮಾಡುವ ಹುಡುಗರು ಠಾಣೆಯಿಂದ ಹಿಡಿದು ನವಿ ಮುಂಬಯಿಯ ತನಕ ಮನೆಮನೆ ತಿರುಗುತ್ತಿದ್ದರು. ಅವರಿಗೆ ಫೋನ್ ಹಚ್ಚಿ "ಎಲ್ಲಿದ್ದಿ?" ಎಂದು ಕೇಳುವುದು ಅವಳ ಕೆಲಸ. ಅವರು ಕೊಡುವ ಉತ್ತರಕ್ಕೆ ಅವಳು ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ. ಉತ್ತರದ ಹಿಂದೆ ಯಾವ ಸದ್ದಿದೆ ಎಂಬುದನ್ನು ಕೇಳಿಸಿಕೊಳ್ಳುತ್ತಿದ್ದಳು.

ಒಮ್ಮೆ ಲತೇಶ ಎಂಬ ಹುಡುಗ, "ಅಕ್ಕಾ, ಐರೋಲಿ ಪಹುಂಚ್ ಗಯಾ, ಕಸ್ಟಮರ್ ಮನೆ ಕೆಳಗೇ ಇದ್ದೇನೆ" ಅಂದ.

"ಕಸ್ಟಮರ್ ಮನೆ ಕೆಳಗೆ ಕಬ್ಬಿನ ಹಾಲಿನ ಗಾಡಿ ಉಂಟಾ?"

ಆ ಕಡೆ ಗಾಡಿಯ ಚಕ್ರಕ್ಕೆ ಕಟ್ಟಿದ ಗೆಜ್ಜೆ ಮಾತ್ರ ಛಲ್ ಛಲ್ ಎನ್ನುತ್ತಿತ್ತು.

"ಠಾಣೆ ಸ್ಟೇಷನ್ನಿನ ಹೊರಗೆ ನಿಂತಿದ್ದಿ. ಗ್ಲಾಸ್ ಖಾಲಿ ಮಾಡಿ ಹೊರಡು" ಎಂದು ಅವಳು ಫೋನ್ ಇಟ್ಟಳು. ಅವತ್ತಿನಿಂದ ಹುಡುಗರು ಅವಳ ಫೋನ್ ಬಂದರೆ ಯಾವುದಾದರೂ ಮೆಟ್ಟಿಲಿನ ಕೆಳಗೆ ಹೋಗಿ ನಿಂತು ಮಾತನಾಡಲು ಕಲಿತರು. ಆಗ ಅವಳು, ಇಷ್ಟು ಮೌನ ಯಾಕೆ ಎಂದು ಸಂಶಯಪಟ್ಟಳು.

ಬೆಳ್ಮಣ್ಣಿನ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ದಮಯಂತಿ. ಗಂಡ ಪೂವಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಗಲ್ಲಾದಲ್ಲಿ ಕುಳಿತವನಿಗೆ ಅಡುಗೆಮನೆ ಕಾಣುವ ಹಾಗೆ ಆ ಹೋಟೆಲಿನ ಮಾಲೀಕ ಗೋಡೆಗೆ ಓರೆಯಾಗಿ ಒಂದು ಕನ್ನಡಿ ಹಾಕಿಸಿದ್ದ. ಹೊಸ ಮದುಮಗಳಾಗಿ ಆ ಹೋಟೆಲಿಗೆ ಹೋದಾಗ ದೋಸೆಯ ರುಚಿಗಿಂತ ಆ ಕನ್ನಡಿಯೇ ಅವಳಿಗೆ ಹಿಡಿಸಿತ್ತು. ಕಣ್ಣಿಗೆ ಕಾಣುವಷ್ಟು ಹೊತ್ತು ಮಾತ್ರ ಕೆಲಸ ನಡೆಯುತ್ತದೆ ಎಂಬುದು ಅವಳಿಗೆ ಅಲ್ಲಿಂದ ಬಂದ ತಿಳಿವಳಿಕೆ. ಮನೆಯಲ್ಲಿ ಹಾಲಿನವನ ಅಳತೆಯನ್ನು ನಂಬುತ್ತಿರಲಿಲ್ಲ, ತರಕಾರಿಯವನ ತಕ್ಕಡಿಯನ್ನು ನಂಬುತ್ತಿರಲಿಲ್ಲ. "ನನ್ನ ಮೇಲೂ ಸಂಶಯವಾ?" ಎಂದು ಪೂವಪ್ಪ ನಗುತ್ತ ಕೇಳಿದರೆ, "ನಿಮ್ಮ ಮೇಲೆ ಇಲ್ಲ, ನಿಮ್ಮ ಮಾತಿನ ಮೇಲೆ" ಎನ್ನುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಕೆಲವರು ಬಾಗಿಲಿಗೆ ಬೀಗ ಹಾಕಿದ ಮೇಲೂ ಒಮ್ಮೆ ಎಳೆದು ನೋಡುತ್ತಾರಲ್ಲ, ಹಾಗೆ.

ಆಫೀಸಿನ ಮಾಲೀಕ ಗುಣಪಾಲ ಕಾರ್ಕಳದ ಕಡೆಯವರು. ಅವರಿಗೆ ದಮಯಂತಿಯ ಈ ಗುಣ ಬಹಳ ಉಪಯೋಗಕ್ಕೆ ಬಂದಿತ್ತು. ಫಿಲ್ಟರ್ ಸರ್ವಿಸಿಗೆ ದಿನ ತುಂಬಿದ ಮನೆಗಳಿಗೆ ಫೋನ್ ಮಾಡಿ ಹುಡುಗರನ್ನು ಗೊತ್ತುಮಾಡುವ ಹೆಣ್ಣುಮಕ್ಕಳ ಮೇಲ್ವಿಚಾರಣೆಯನ್ನೂ ಅವಳಿಗೇ ವಹಿಸಿದ್ದರು. ಆ ಹುಡುಗಿಯರ ಬೆನ್ನಿಗೇ ಅವಳ ಕುರ್ಚಿ.

ಅವರಲ್ಲಿ ಚೈತನ್ಯಾ ಜಾಣೆ. ಠಾಣೆಯಲ್ಲೇ ಹುಟ್ಟಿ ಬೆಳೆದವಳು. ಮರಾಠಿಯವರ ಹತ್ತಿರ ಅವರ ಮನೆಮಗಳ ಹಾಗೆ ಮಾತನಾಡುತ್ತಿದ್ದಳು, ಕೋಪರಖೈರಣೆಯ ತುಳುವ ಹೆಂಗಸರ ಹತ್ತಿರ ಮೀನಿನ ರೇಟು ವಿಚಾರಿಸಿಯೇ ಫಿಲ್ಟರ್ ವಿಷಯಕ್ಕೆ ಬರುತ್ತಿದ್ದಳು. ಜಯೇಶನನ್ನು ಮದುವೆಯಾದ ಮೇಲೆ, ಕೈಗೆ ಎಟುಕುವ ಬೆಲೆಗೆ ಸಿಕ್ಕಿತೆಂದು ಟಿಟ್ವಾಳಾದಲ್ಲಿ ಹೊಸ ಫ್ಲ್ಯಾಟ್ ಮಾಡಿದರು. ಅಲ್ಲಿಂದ ಠಾಣೆಗೆ ದಿನಾ ಲೋಕಲ್ ರೈಲು. 2009ರ ಬೇಸಗೆಯ ಹೊತ್ತಿಗೆ ಅವಳು ಬಸುರಿ. ಆ ನೂಕುನುಗ್ಗಲಿನಲ್ಲಿ ಇನ್ನು ಹತ್ತಕೂಡದು ಎಂದು ಡಾಕ್ಟರು ಹೇಳಿಬಿಟ್ಟರು.

"ಸರ್, ನಾನು ಘರ್ ಸೇ ಮಾಡ್ತೇನೆ" ಎಂದು ಅವಳು ಗುಣಪಾಲರ ಮುಂದೆ ನಿಂತಳು. "ಫೋನೇ ಅಲ್ವಾ ಸರ್? ಒಂದು ಲ್ಯಾಪ್‌ಟಾಪ್, ಒಂದು ಡೇಟಾ ಕಾರ್ಡ್ ಕೊಡಿ. ಬುಕಿಂಗ್ ಮನೆಯಿಂದಲೇ ಹಾಕ್ತೇನೆ."

ಗುಣಪಾಲರು ಸುಲಭವಾಗಿ ಒಪ್ಪಿದರು. ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಒಂದು ಕುರ್ಚಿ ಖಾಲಿಯಾದರೆ ಅವರಿಗೆ ಲಾಭವೇ. ಪ್ರಶ್ನೆ ಕೇಳಿದವಳು ದಮಯಂತಿ.

"ಟಿಟ್ವಾಳಾದಲ್ಲಿ ಲೋಡ್‌ಶೆಡ್ಡಿಂಗ್ ಇಲ್ವಾ?"

"ಬಿಲ್ಡರ್ ಜನರೇಟರ್ ಹಾಕಿದ್ದಾನೆ ಅಕ್ಕ."

"ಮನೆಕೆಲಸ, ಟೀವಿ, ನೆಂಟರು?"

"ಯಾರೂ ಬರೋದಿಲ್ಲ ಅಕ್ಕ, ಅಷ್ಟು ದೂರ."

"ಒಂದು ತಿಂಗಳು ನೋಡುವ" ಎಂದರು ಗುಣಪಾಲರು. "ಜವಾಬ್ದಾರಿ ದಮಯಂತಿಯವರದ್ದು. ಸರಿಯಾಗ್ತದೆ ಅಂತ ಅವರು ಹೇಳಿದರೆ ಮುಂದುವರಿಸುವ. ಇಲ್ಲ ಅಂದರೆ ಬೇರೆಯವರನ್ನು ತೆಗೊಳ್ಳಲಿಕ್ಕೆ ಉಂಟು."

ಚೈತನ್ಯಾಳ ಮುಖ ಒಂದು ಕ್ಷಣ ಬಾಡಿತು. ಫ್ಲ್ಯಾಟಿನ ಕಂತು ಇಬ್ಬರ ಸಂಬಳದ ಮೇಲೆ ನಿಂತಿದೆ ಎಂಬುದು ಆಫೀಸಿಗೆಲ್ಲ ಗೊತ್ತಿದ್ದ ಸಂಗತಿ. ದಮಯಂತಿ ಒಳ್ಳೆಯದು ಹೇಳಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಕಪಾಟಿನಲ್ಲಿ ಲ್ಯಾಪ್‌ಟಾಪುಗಳಿದ್ದವು. ದಮಯಂತಿ ಹುಡುಕಿ ಒಂದು ಹಳೆಯದನ್ನು ತೆಗೆದಳು. ಅದರ ಬ್ಯಾಟರಿ ಸತ್ತಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಉಸಿರಾಡುತ್ತಿತ್ತು. ಒಳ್ಳೆಯದು ಕೊಟ್ಟರೆ ಹುಡುಗಿ ಅದನ್ನು ಎತ್ತಿಕೊಂಡು ಊರೆಲ್ಲ ತಿರುಗಬಹುದು, ಇದಾದರೆ ಕಟ್ಟಿಹಾಕಿದ ಹಾಗೆ ಮನೆಯಲ್ಲೇ ಇರುತ್ತಾಳೆ ಎಂದು ಅವಳು ಲೆಕ್ಕ ಹಾಕಿದಳು. ಯಾರಿಗೂ ಹೇಳಲಿಲ್ಲ.

ಮೊದಲ ವಾರ ಕೆಲಸ ಚೆನ್ನಾಗಿಯೇ ನಡೆಯಿತು. ಅದೇ ಅವಳಿಗೆ ಸ್ವಲ್ಪ ಮುಜುಗರ ತಂದಿತು. ಮುಂದಿನ ವಾರ ಕೋಪರಿಯ ಒಬ್ಬ ಮುದುಕರು ಫೋನ್ ಮಾಡಿ, ನಿಮ್ಮ ಹುಡುಗಿ ಆರತಿಯ ಹೊತ್ತಿಗೇ ಫೋನ್ ಮಾಡಿದಳು, ಕುಳಿತಲ್ಲಿಯೇ ಫೋನಿನಲ್ಲಿ ದೇವರ ಗಂಟೆ ಕೇಳಿ ಬಹಳ ಸಮಾಧಾನವಾಯಿತು, ದಿನಾ ಅದೇ ಹೊತ್ತಿಗೆ ಮಾಡಲು ಹೇಳಿ ಎಂದರು.

ದಮಯಂತಿ ಕೂಡಲೇ ಚೈತನ್ಯಾಳಿಗೆ ಫೋನ್ ಹಚ್ಚಿದಳು.

"ಎಲ್ಲಿದ್ದಿ?"

"ಮನೆಯಲ್ಲಿ ಅಕ್ಕ."

ಹಿಂದೆ ಗಂಟೆ. ಜೊತೆಗೆ ಜನರ ಗುಜುಗುಜು.

"ಗಂಟೆ ಎಂತದ್ದು?"

"ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ."

ಎರಡು ದಿನ ಬಿಟ್ಟು ಮಾಡಿದಾಗಲೂ ಗಂಟೆ. ಈ ಸಲ ಮೇಲಿನ ಮನೆಯಲ್ಲಿ ವಾಸ್ತುಶಾಂತಿ. ಫೋನಿನ ಹತ್ತಿರದಲ್ಲೇ ಯಾರೋ "ಕಿತನೇಕಾ ಹೈ?" ಎಂದು ಕೇಳಿದ್ದೂ ಕಿವಿಗೆ ಬಿತ್ತು. ಪೂಜೆಗೆ ಬಂದವರು ಬೆಲೆ ಯಾಕೆ ಕೇಳುತ್ತಾರೆ?

ಪಕ್ಕದ ಮೇಜಿನ ಮಾನಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಕ್ಕಾ, ಅವಳು ಟಿಟ್ವಾಳಾ ಗಣಪತಿ ದೇವಸ್ಥಾನದ ಹತ್ರ ಹೂವಿನ ದುಕಾನ್ ಹಾಕಿದ್ದಾಳೆ ನೋಡಿ. ನಮ್ಮ ಪಗಾರವೂ ಬೇಕು, ಗಣಪತಿಯದ್ದೂ ಬೇಕು!"

ಮಾನಸಿ ತಮಾಷೆಗೆ ಹೇಳಿದ್ದು. ದಮಯಂತಿಗೆ ಅದು ಎದೆಯಲ್ಲಿ ಕುಳಿತುಬಿಟ್ಟಿತು. ಮನೆಯಲ್ಲಿ ಪೂವಪ್ಪನಿಗೆ ಹೇಳಿದಳು.

"ಬುಕಿಂಗ್ ಕಮ್ಮಿ ಆಗಿದ್ದುಂಟಾ?" ಅವನು ಕೇಳಿದ.

"ಇಲ್ಲ. ಜಾಸ್ತಿಯೇ ಆಗಿದೆ."

"ಮತ್ತೆ ಎಂತ ಮಾರಾಯ್ತಿ?"

"ಮನೆಯಲ್ಲಿದ್ದೇನೆ ಅಂತ ಸುಳ್ಳು ಹೇಳುವವಳು ಇನ್ನೆಂತದ್ದು ಸುಳ್ಳು ಹೇಳಲಿಕ್ಕಿಲ್ಲ?"

ಪೂವಪ್ಪ ತಟ್ಟೆ ಎಳೆದುಕೊಂಡು ಅನ್ನ ಕಲಸತೊಡಗಿದ. 

ತಿಂಗಳು ಮುಗಿಯುತ್ತ ಬಂದಿತ್ತು. ಕೇಳಿದ್ದನ್ನು ಮಾತ್ರ ನಂಬಿ ಒಬ್ಬಳ ಅನ್ನ ಕಸಿಯಬಾರದು, ಕಣ್ಣಾರೆ ನೋಡಬೇಕು ಎಂದು ಅವಳು ನಿಶ್ಚಯಿಸಿದಳು. ಗುಣಪಾಲರ ಹತ್ತಿರ ಟಿಟ್ವಾಳಾ ಎನ್ನಲು ಮನಸ್ಸಾಗಲಿಲ್ಲ. ಏನೂ ಇಲ್ಲದಿದ್ದರೆ ತನ್ನ ಮರ್ಯಾದೆ ಹೋಗುತ್ತದೆ. ಮಂಗಳವಾರ, "ಸರ್, ಲತೇಶ ಕಲ್ಯಾಣದಲ್ಲಿ ಫಿಟ್ಟಿಂಗ್ ಮಾಡಿದ್ದನ್ನು ಒಮ್ಮೆ ನೋಡಿ ಬರ್ತೇನೆ" ಎಂದು ಫೋನಿನಲ್ಲಿ ಹೇಳಿ ಡೊಂಬಿವಲಿಯಿಂದ ಎದುರು ದಿಕ್ಕಿನ ಲೋಕಲ್ ಹತ್ತಿದಳು. ಗಾಡಿ ಕಲ್ಯಾಣ ದಾಟಿತು. ಕಿಟಕಿಯ ಹೊರಗೆ ಕಟ್ಟಡಗಳು ತೆಳುವಾಗಿ, ಒಣಗಿದ ಹುಲ್ಲು ಕಾಣತೊಡಗಿತು. ಹುಲ್ಲಿನ ನಡುವೆ ಒಂಟಿ ಕಾಲಿನ ಮೇಲೆ ನಿಂತ ಹಕ್ಕಿಯ ಹಾಗೆ ಅಲ್ಲೊಂದು ಇಲ್ಲೊಂದು ಹೊಸ ಟವರ್.

ಚೈತನ್ಯಾಳ ಫ್ಲ್ಯಾಟು ನಾಲ್ಕನೇ ಮಾಳಿಗೆಯಲ್ಲಿತ್ತು. ಲಿಫ್ಟ್ ನಿಂತಿತ್ತು. ಮೆಟ್ಟಿಲಲ್ಲಿ ಕತ್ತಲೆ. ದಮಯಂತಿ ಮೊಣಕಾಲು ಹಿಡಿದುಕೊಂಡು, ಪ್ರತಿ ಮಾಳಿಗೆಯಲ್ಲೂ ನಿಂತು, ಕೊನೆಗೂ ಮೇಲೆ ಮುಟ್ಟಿದಳು. ಬಾಗಿಲಿಗೆ ಬೀಗ. ಅಭ್ಯಾಸಬಲದಿಂದ ಅದನ್ನೊಮ್ಮೆ ಎಳೆದು ನೋಡಿದಳು.

ಎದುರು ಮನೆಯ ಹೆಂಗಸು ಇಣುಕಿದಳು. "ತೀ ದೇವಳಾಕಡೇ ಗೇಲೀ. ರೋಜ್ ಜಾತೇ."

ದಿನಾ ದೇವಸ್ಥಾನದ ಕಡೆ ಹೋಗುತ್ತಾಳಂತೆ. ದಮಯಂತಿಗೆ ಮೆಟ್ಟಿಲಿಳಿಯುವಾಗ ಕಾಲು ನೋಯಲಿಲ್ಲ. ತನ್ನ ಕಿವಿ ತಪ್ಪಿರಲಿಲ್ಲ.

ಮಂಗಳವಾರವಾದ್ದರಿಂದ ಗಣಪತಿ ದೇವಸ್ಥಾನದ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ಇಕ್ಕೆಲದಲ್ಲೂ ತೆಂಗಿನಕಾಯಿ, ಗರಿಕೆ, ಕೆಂಪು ದಾಸವಾಳದ ಅಂಗಡಿಗಳು. ಪೇಡೆ ಅಂಗಡಿಯ ಮುಂದೆ ಜನರೇಟರ್ ಗುಡುಗುತ್ತಿತ್ತು. ಅದರ ಪಕ್ಕದ ಹೂವಿನ ಅಂಗಡಿಯಲ್ಲಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಚೈತನ್ಯಾ ಕುಳಿತಿದ್ದಳು. ಮುಂದೆ ಲ್ಯಾಪ್‌ಟಾಪು, ಕಿವಿಗೂ ಹೆಗಲಿಗೂ ನಡುವೆ ಫೋನು. ಯಾರಿಗೋ ಮರಾಠಿಯಲ್ಲಿ, ನಾಳೆ ಹುಡುಗ ಬರುತ್ತಾನೆ ಕಾಕೂ, ಫಿಲ್ಟರಿನ ಕೆಳಗಿನ ಜಾಗ ಖಾಲಿ ಮಾಡಿಡಿ ಎನ್ನುತ್ತಿದ್ದಳು. ಅದೇ ಹೊತ್ತಿಗೆ ಒಬ್ಬ ಭಕ್ತ ಕೈಚಾಚಿದ. ಅವಳು ಮಾತು ನಿಲ್ಲಿಸದೆ ಒಂದು ಹಾರ ಎತ್ತಿಕೊಟ್ಟು, ದುಡ್ಡು ತೆಗೆದುಕೊಂಡು, ಚಿಲ್ಲರೆ ಕೊಟ್ಟಳು.

ದಮಯಂತಿ ಎದುರಿನ ಅಂಗಡಿಯ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮಾನಸಿ ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಸಂತೋಷವಾಯಿತು. ಆ ಸಂತೋಷ ಅವಳಿಗೇ ಅಷ್ಟು ಚೆನ್ನಾಗಿ ಕಾಣಲಿಲ್ಲ.

"ಬರ್ರಿ ಅಕ್ಕಾರ, ಹೂ ತಗೋರಿ, ಗರಿಕಿ ತಗೋರಿ!" ಕೊಡ ಹೊತ್ತು ಬಂದ ಒಬ್ಬ ಹೆಂಗಸು ಅವಳನ್ನೇ ಕರೆಯುತ್ತ ಆ ಅಂಗಡಿಯೊಳಗೆ ಹೋದಳು. ಅವಳೇ ಅಂಗಡಿಯ ಗುರಮ್ಮ. ವಿಜಯಪುರದ ಕಡೆಯವಳು. ಅವಳ ಗಂಡ ಮಹಾದೇವಪ್ಪ ಕಲ್ಯಾಣದಲ್ಲಿ ಹಮಾಲಿ.

ದಮಯಂತಿ ಅಂಗಡಿಯ ಮುಂದೆ ಹೋಗಿ ನಿಂತಳು. "ಮನೆಯಲ್ಲಿದ್ದಿಯಾ ಚೈತನ್ಯಾ?"

ಚೈತನ್ಯಾಳ ಹೆಗಲಿನಿಂದ ಫೋನ್ ಜಾರಿ ಗರಿಕೆಯ ಮೇಲೆ ಬಿತ್ತು. ಏಳಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ಅಕ್ಕಾ..."

"ಕೂತುಕೋ."

ಗುರಮ್ಮ ಕೊಡ ಇಳಿಸಿ ಇಬ್ಬರನ್ನೂ ನೋಡಿದಳು. "ನೀವs ಏನ್ರಿ ಆ ದಮಯಂತಿ ಅಕ್ಕಾರು? ಫೋನಿನ್ಯಾಗ ನಾಯಿ ಬೊಗಳಿದ್ರ ಅದು ಯಾವ ಓಣಿ ನಾಯಿ ಅಂತ ಹೇಳ್ತಾರಂತ ಅಂತಿತ್ತು ಈ ಹುಡುಗಿ. ಕುಂದರ್ರಿ, ನೀರ ಕುಡೀರಿ. ಜಗಳಾ ಆಮ್ಯಾಲ ಆಡಾಕ ಬರತೈತಿ."

"ನಿಮ್ಮ ಅಂಗಡಿಯಲ್ಲಿ ಇವಳಿಗೆ ಸಂಬಳ ಉಂಟಾ?" ದಮಯಂತಿ ನೇರವಾಗಿ ಕೇಳಿದಳು.

"ಸಂಬಳಾ? ನನಗs ಯಾರ ಕೊಡ್ತಾರ ಯವ್ವಾ?" ಗುರಮ್ಮ ನಕ್ಕಳು. "ಪೇಡೆ ಅಂಗಡಿಯವ ಒಂದು ವಾಯರ್ ಕೊಟ್ಟಾನ. ನನ್ನ ಬಲ್ಬಿಂದು ತಗದು ಈಕಿ ಕಂಪ್ಯೂಟರ್ ಡಬ್ಬಿ ಹಚ್ಚೀನಿ. ನಾ ನೀರಿಗೆ ಹ್ವಾದಾಗ ಈಕಿ ಹೂವಿನ ಕಡೆ ನೋಡ್ತಾಳ. ಇಷ್ಟs ನಮ್ಮ ವ್ಯವಹಾರ."

ಚೈತನ್ಯಾ ತಲೆ ತಗ್ಗಿಸಿಯೇ ಹೇಳಿದಳು. ಬಿಲ್ಡರನ ಜನರೇಟರ್ ಜಾಹೀರಾತಿನ ಚಿತ್ರದಲ್ಲಿ ಮಾತ್ರ ಇತ್ತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನದ ತನಕ ಬರುವುದಿಲ್ಲ, ಬಂದು ಮತ್ತೆ ಹೋಗುತ್ತದೆ. ಲ್ಯಾಪ್‌ಟಾಪ್ ತಂತಿ ಕಳಚಿದ ಕೂಡಲೇ ಕಣ್ಣು ಮುಚ್ಚುತ್ತದೆ. ಲಿಫ್ಟ್ ಇಲ್ಲದೆ ಆ ಮೆಟ್ಟಿಲುಗಳನ್ನು ಹತ್ತಿಳಿಯಲಾಗದೆ, ಬೆಳಿಗ್ಗೆ ಕರೆಂಟು ಹೋಗುವ ಮೊದಲೇ ಇಳಿದು ಬಂದರೆ ಸಂಜೆಯ ತನಕ ಇಲ್ಲೇ.

"ಬ್ಯಾಟರಿ ಚೆನ್ನಾಗಿದ್ದಿದ್ದರೆ ಮನೆಯಲ್ಲೇ ಆಗ್ತಿತ್ತು ಅಕ್ಕ. ನಿಮಗೆ ಗೊತ್ತಿರಲಿಲ್ಲ ಕಾಣ್ತದೆ, ಇದರದ್ದು ಹೋಗಿದೆ."

 ದಮಯಂತಿ ಎತ್ತಿದ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟಳು.

"ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಎಂತ ಮಾಡ್ತಿದ್ದಿರಿ?"

ಹುಡುಗಿಯ ದನಿಯಲ್ಲಿ ಕೊಂಕಿರಲಿಲ್ಲ.  ತಾನು ಏನು ಮಾಡುತ್ತಿದ್ದೆ ಎಂದು ದಮಯಂತಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಗುಣಪಾಲರು.

"ದಮಯಂತಿ, ಐರೋಲಿಯ ಬಾಲಮ್ಮ ಅಂತ ಒಬ್ಬರು ಬೊಬ್ಬೆ ಹಾಕ್ತಿದ್ದಾರೆ. ಹುಡುಗ ಬರಲೇ ಇಲ್ಲ ಅಂತೆ. ಯಾವಾಗಿನ ಬುಕಿಂಗ್ ಅದು? ನೀವು ಎಲ್ಲಿದ್ದೀರಿ?"

"ಕಲ್ಯಾಣದಲ್ಲಿ ಸರ್."

ಮಾತು ಬಾಯಿಂದ ಬೀಳುವುದಕ್ಕೂ ದೇವಸ್ಥಾನದ ಒಳಗೆ ಯಾರೋ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಒಂದಾದ ಮೇಲೆ ಒಂದರಂತೆ, ಸಾಲಿನಲ್ಲಿದ್ದವರೆಲ್ಲ ಬಾರಿಸುತ್ತ ಹೋದರು. ಜೊತೆಗೆ ಗುರಮ್ಮನ "ಗರಿಕಿ ತಗೋರಿ!" ದಮಯಂತಿ ಫೋನನ್ನು ಸೆರಗಿನಿಂದ ಮುಚ್ಚಿದಳು.  ಚೈತನ್ಯಾ ಅವಳ ಕಡೆ ನೋಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬೆರಳಾಡಿಸಿ, ಮೆಲ್ಲಗೆ, "ಬಾಲಮ್ಮ, ಐರೋಲಿ. ಅವರೇ ಶುಕ್ರವಾರಕ್ಕೆ ಮುಂದೆ ಹಾಕಿಸಿದ್ದು ಅಕ್ಕ. ಮಗಳ ಮನೆಗೆ ಹೋಗ್ಲಿಕ್ಕುಂಟು ಅಂತ ಹೇಳಿದ್ದರು. ನೆನಪು ಮಾಡಿದರೆ ಒಪ್ಕೊಳ್ತಾರೆ" ಅಂದಳು.

ದಮಯಂತಿ ಅದನ್ನೇ ಗುಣಪಾಲರಿಗೆ ಒಪ್ಪಿಸಿದಳು.  "ಸರಿ" ಎಂದು ಅವರು ಫೋನ್ ಇಟ್ಟರು. ಆ ಸರಿಯಲ್ಲಿ ಏನಿತ್ತು ಎಂದು ಅವಳ ಕಿವಿಗೂ ತಿಳಿಯಲಿಲ್ಲ.

ಗುರಮ್ಮ ಒಂದು ದಾಸವಾಳದ ಹಾರವನ್ನು ಎಲೆಯಲ್ಲಿ ಸುತ್ತಿ ಅವಳ ಕೈಗಿಟ್ಟಳು. "ಇಲ್ಲಿ ತನಕ ಬಂದು ದೇವರಿಗೆ ಮಾರಿ ತೋರಿಸದs ಹೋಗಬ್ಯಾಡ್ರಿ ಅಕ್ಕಾರ. ಅವಂಗೂ ಸಂಶೇ ಬರತೈತಿ."

ದಮಯಂತಿಗೆ ನಗು ಬಂತು. ಚೈತನ್ಯಾ ನಗಲಿಲ್ಲ. ಅವಳು ಇನ್ನೂ ದಮಯಂತಿಯ ಬಾಯಿಯಿಂದ ಬರುವ ಒಂದು ಮಾತಿಗಾಗಿ ಕಾಯುತ್ತಿದ್ದಳು. ಆ ಮಾತು ಅಲ್ಲಿ ಬರಲಿಲ್ಲ. "ಸಂಜೆ ಫೋನ್ ಮಾಡ್ತೇನೆ" ಎಂದಷ್ಟೇ ಹೇಳಿ ದಮಯಂತಿ ಹೊರಟಳು.

ಆಫೀಸಿಗೆ ಬಂದವಳು ಚೀಲವನ್ನೂ ಇಳಿಸದೆ ಗುಣಪಾಲರ ಕೋಣೆಗೆ ಹೋದಳು. ಅವರು ಕೇಳುವ ಮೊದಲೇ, "ಸರ್, ನಾನು ಕಲ್ಯಾಣದಲ್ಲಿ ಇರಲಿಲ್ಲ. ಟಿಟ್ವಾಳಾಕ್ಕೆ ಹೋಗಿದ್ದೆ" ಎಂದು ಎಲ್ಲವನ್ನೂ ಹೇಳಿದಳು. ಬೀಗ, ಹೂವಿನ ಅಂಗಡಿ, ಹಾರ ಮಾರಿದ್ದು, ಜನರೇಟರ್. ಬ್ಯಾಟರಿಯ ವಿಷಯಕ್ಕೆ ಬಂದಾಗ ಒಮ್ಮೆ ತಡೆದು, "ಅದನ್ನು ಹುಡುಕಿ ಕೊಟ್ಟವಳು ನಾನೇ. ಅವಳು ಮನೆಬಿಟ್ಟು ಏಳಬಾರದು ಅಂತ" ಅಂದಳು.

ಗುಣಪಾಲರು ಕನ್ನಡಕ ತೆಗೆದು ಒರೆಸಿದರು. "ಹುಡುಗರು ಸುಳ್ಳು ಹೇಳಿದರೆ ಹಿಡಿಯಲಿಕ್ಕೆ ನೀವಿದ್ದೀರಿ ಅಂತ ಮಾಡಿದ್ದೆ. ನೀವೇ ಹೀಗೆ ಮಾಡಿದರೆ ನಾನು ಯಾರನ್ನು ನಂಬುವುದು?"

ಅವಳು ಆಗ ಹೆಗಲಿನ ಚೀಲ ಇಳಿಸಿದಳು.

"ಅಲ್ಲ, ಇನ್ನೊಂದು ಹೇಳಿ. ನಮ್ಮ ಕಸ್ಟಮರುಗಳ ಹೆಸರು, ಮನೆ, ಫೋನು, ಎಲ್ಲ ಬೀದಿಯಲ್ಲಿ ತೆರೆದು ಕೂತುಕೊಳ್ಳುವುದಾ? ನಾಳೆ ಯಾವನಾದರೂ ನೋಡಿ ಆ ಮನೆಗಳಿಗೆ ಹೋದರೆ?"

ಇದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಬೀದಿಯಲ್ಲಿ ನಿಂತು ಹುಡುಗಿಯ ಕೈಯನ್ನು, ಬಾಯನ್ನು, ಚಿಲ್ಲರೆಯನ್ನು ನೋಡಿದ್ದಳು, ಆ ಲ್ಯಾಪ್‌ಟಾಪಿನ ಪರದೆಯನ್ನು ಯಾರು ನೋಡಬಹುದು ಎಂದು ಯೋಚಿಸಿರಲಿಲ್ಲ.

"ಗೋಡೆಗೆ ಬೆನ್ನು ಹಾಕಿ ಕೂತುಕೊಳ್ತಾಳೆ ಸರ್. ಬೀದಿಯಿಂದ ಕಾಣುವುದಿಲ್ಲ."

"ಆಚೀಚೆ?"

"ಆಚೀಚೆ ಕಾಣಬಹುದು" ಎಂದು ಒಪ್ಪಿಕೊಂಡಳು. ಆಮೇಲೆ, "ನನ್ನ ಲ್ಯಾಪ್‌ಟಾಪ್ ಅವಳಿಗೆ ಕೊಡುವ. ಅದರ ಬ್ಯಾಟರಿ ಒಳ್ಳೆಯದುಂಟು. ಕರೆಂಟು ಇದ್ದಾಗ ತುಂಬಿಸಿ ಇಟ್ಟರೆ ಹೆಚ್ಚಿನ ಹೊತ್ತು ಮನೆಯಲ್ಲೇ ಆಗ್ತದೆ. ಸಾಲದಿದ್ದಾಗ ಅಂಗಡಿಯ ಒಳಗೆ ಒಂದು ಮೂಲೆ ಉಂಟು, ಹೂವಿನ ಬುಟ್ಟಿ ಇಡುವಲ್ಲಿ. ಅಲ್ಲಿ ಕೂತುಕೊಳ್ಳಲಿಕ್ಕೆ ಹೇಳ್ತೇನೆ" ಅಂದಳು.

"ಅಂದರೆ, ಮುಂದುವರಿಸುವುದು ಅಂತಲಾ ನೀವು ಹೇಳುವುದು?"

ಇಡೀ ತಿಂಗಳು ಅವಳು ಎದುರು ನೋಡಿದ್ದು ಈ ಪ್ರಶ್ನೆಯನ್ನೇ. ಬೇಡ ಎನ್ನಲು ಅವಳ ಹತ್ತಿರ ಕಾರಣಗಳಿದ್ದವು. ಎಲ್ಲವೂ ನಿಜವಾದ ಕಾರಣಗಳೇ.

"ಹೌದು ಸರ್."

"ಏನಾದರೂ ಎಡವಟ್ಟಾದರೆ ಇಬ್ಬರನ್ನೂ ಕೇಳುವವ ನಾನು."

"ಕೇಳಿ ಸರ್."

ಸಂಜೆ ಹುಡುಗಿಯರೆಲ್ಲ ಹೊರಟ ಮೇಲೆ ಅವಳು ಟಿಟ್ವಾಳಾಕ್ಕೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಚೈತನ್ಯಾ ಎತ್ತಿದಳು.

"ಕೆಲಸ ಉಂಟು" ಎಂದಳು ದಮಯಂತಿ. "ನಾಳೆ ಲತೇಶ ಬೇರೆ ಲ್ಯಾಪ್‌ಟಾಪ್ ತರ್ತಾನೆ. ಹಳೆಯದು ವಾಪಸ್ ಕೊಡು. ಮನೆಯಲ್ಲಿ ಆಗುವಷ್ಟು ಮನೆಯಲ್ಲಿ ಮಾಡು. ಆಗದಿದ್ದರೆ ಗುರಮ್ಮನ ಅಂಗಡಿಯ ಒಳಗಿನ ಮೂಲೆ. ಎದುರಿಗೆ ಬೇಡ. ಹೂ ಮಾರುವಾಗ ಲ್ಯಾಪ್‌ಟಾಪ್ ಮುಚ್ಚಿಡು."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು.

"ಅಳಬೇಡ. ಇನ್ನು ಯಾರು ಎಲ್ಲಿದ್ದಿ ಅಂತ ಕೇಳಿದರೂ ಮನೆ ಅಂತ ಹೇಳಬೇಡ. ಟಿಟ್ವಾಳಾ ಅಂತ ಹೇಳು, ಸಾಕು."

"ಸರ್ ಕೇಳಿದ್ರೆ?"

"ಸರ್ ಕೇಳಿದರೆ ದಮಯಂತಿ ಅಕ್ಕನಿಗೆ ಗೊತ್ತುಂಟು ಅಂತ ಹೇಳು."

ಫೋನ್ ಇಟ್ಟು ಅವಳು ದೀಪ ಆರಿಸಲು ಎದ್ದಳು. ಎದ್ದವಳು ಮತ್ತೆ ಕುಳಿತಳು. ಐರೋಲಿಯ ಬಾಲಮ್ಮನ ನಂಬರು ಹುಡುಕಿ ಫೋನ್ ಹಚ್ಚಿ, ಅಮ್ಮಾ, ಶುಕ್ರವಾರಕ್ಕೆ ಮುಂದೆ ಹಾಕಲು ನೀವೇ ಹೇಳಿದ್ದಾ ಎಂದು ಬಹಳ ವಿನಯದಿಂದ ವಿಚಾರಿಸಿದಳು.